ಸೋತ ಮೇಲೂ ಮುಂದಿನ ವಾರ ಮ್ಯಾಚ್ ಇರುತ್ತದೆ

ಸರ್, ಗದಗದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿರುವ ನಿಮ್ಮ ಮಗಳನ್ನು ಬೆಂಗಳೂರಿನ ಸಣ್ಣ ಕ್ಲಬ್ಬೊಂದು ರಾಜ್ಯ ಮಹಿಳಾ ಲೀಗ್ ಆಡಲು ಕರೆದಿದೆ, ದುಡ್ಡು ಕೊಡುವುದಿಲ್ಲವಂತೆ, ತಂಡವೂ ಗೆಲ್ಲುವ ತಂಡವಲ್ಲ, ಹಾಗಿದ್ದೂ ಕಳಿಸಬೇಕಾ ಅಂತ ಕೇಳಿದ್ದೀರಿ. ಕಳಿಸಿರಿ. ನಾನು ಹುಬ್ಬಳ್ಳಿಯವಳು, ಗೋಲ್‌ಕೀಪರ್. ಅಂಥದೇ ಒಂದು ತಂಡಕ್ಕೆ ಒಂದು ಸೀಸನ್ ಆಡಿ ಬಂದಿದ್ದೇನೆ. ಅದನ್ನಿಟ್ಟುಕೊಂಡೇ ಹೇಳುತ್ತೇನೆ.

ನಮ್ಮ ಕಡೆ ಹೆಣ್ಣುಮಕ್ಕಳ ಫುಟ್‌ಬಾಲ್ ಅಂದರೆ ನಾಕೌಟ್. ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ದಸರಾ ಕೂಟ, ಯಾವುದೇ ಇರಲಿ, ಬೆಳಿಗ್ಗೆ ಒಂಬತ್ತಕ್ಕೆ ಮೈದಾನಕ್ಕಿಳಿದು ಹತ್ತೂವರೆಗೆ ಸೋತರೆ ಆ ವರ್ಷದ ಆಟ ಮುಗಿಯಿತು. ಪಿಯುಸಿಯ ಎರಡು ವರ್ಷದಲ್ಲಿ ನಾನು ಆಡಿದ್ದು ಐದೇ ಮ್ಯಾಚ್. ಪ್ರಾಕ್ಟೀಸ್ ಮಾತ್ರ ದಿನಾ ಬೆಳಿಗ್ಗೆ ಐದೂವರೆಗೆ. ಅದೂ ಎರೆ ನೆಲದ ಮೈದಾನದಲ್ಲಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ, ಮಳೆಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಲು ಬರುವುದಿಲ್ಲ. ಅಂಥ ನೆಲದ ಮೇಲೆ ಡೈವ್ ಹೊಡೆದರೆ ಮೊಣಕೈ, ಸೊಂಟ ಕಿತ್ತು ಬರುತ್ತವೆ. ಹಾಗಾಗಿ ನಾನು ಗೋಲ್‌ಕೀಪರ್ ಆಗಿದ್ದರೂ ಬೀಳದೇ ಆಡುವುದನ್ನು ಕಲಿತಿದ್ದೆ.

ಮೊದಲ ಮ್ಯಾಚ್‌ಗೆ ರಾತ್ರಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದಾಗ ಬ್ಯಾಗಿನಲ್ಲಿ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಆಟ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿನದು ಕೃತಕ ಹುಲ್ಲಿನ ನೆಲ. ಚೆಂಡು ನೆಲಕ್ಕೆ ಬಡಿದ ಮೇಲೆ ಇನ್ನೂ ಜೋರಾಗಿ ಬಂದ ಹಾಗೆ ಅನ್ನಿಸುತ್ತಿತ್ತು. ಸೋತೆವು, 0-9. ಬೂಟು ಬಿಚ್ಚಿದರೆ ಕಾಲುಚೀಲದಿಂದ ಆ ಹುಲ್ಲಿನ ನಡುವೆ ತುಂಬಿರುವ ಕಪ್ಪು ರಬ್ಬರ್ ಕಾಳು ಹಿಡಿಗಟ್ಟಲೆ ಉದುರಿದವು. ಅಪ್ಪನ ಫೋನ್ ಬಂತು.

"ಸೋತ್ರಲ್ಲ, ನಾಳೆ ಬರ್ತೀಯೇನು?"

"ಇಲ್ಲಪ್ಪಾ, ಮುಂದಿನ ರವಿವಾರ ಮತ್ತ ಮ್ಯಾಚ್ ಐತಿ."

"ಸೋತ ಮ್ಯಾಲೂ?"

ಅಪ್ಪನಿಗೆ ಅದು ಹೊಸದು. ನಿಜ ಹೇಳಬೇಕೆಂದರೆ ನನಗೂ ಹೊಸದೇ.

ಮರುದಿನ ಕೋಚ್ ಮೇಡಂ ಬೈಯಲಿಲ್ಲ. "ಒಂಬತ್ತರಲ್ಲಿ ನಿನ್ನ ತಪ್ಪಿಂದ ಹೋಗಿದ್ದು ಎಷ್ಟು? ಕೂತ್ಕೊಂಡು ಲೆಕ್ಕ ಹಾಕು" ಅಂದರು. ಹಾಕಿದೆ. ನಾಲ್ಕು. ಅದರಲ್ಲಿ ಮೂರು ನನಗೆ ಹತ್ತಿರದ ಗೋಲ್ ಕಂಬದ ಕಡೆಯಿಂದಲೇ ಹೋಗಿದ್ದವು. ಎದುರಾಳಿ ಪಕ್ಕದಿಂದ ನುಗ್ಗಿದಾಗ ನಾನು ಗೋಲ್ ಗೆರೆಯ ಮೇಲೇ ನಿಂತು ಚೆಂಡಿಗೆ ಕಾಯುತ್ತಿದ್ದೆ. ಗೆರೆಯ ಮೇಲೆ ನಿಂತರೆ ಹೊಡೆಯುವವಳಿಗೆ ಎರಡೂ ಕಡೆ ಜಾಗ ಕಾಣುತ್ತದೆ. ಕಂಬದ ಕಡೆಯ ಜಾಗ ಮುಚ್ಚಿಕೊಂಡು ಎರಡು ಹೆಜ್ಜೆ ಮುಂದೆ ಬಂದರೆ ಅವಳಿಗೆ ಕಾಣುವ ಗೋಲ್ ಎಷ್ಟೋ ಕಡಿಮೆಯಾಗುತ್ತದೆ. ವಾರವಿಡೀ ಅದೊಂದನ್ನೇ ಮಾಡಿಸಿದರು. ಎರಡು ಹೆಜ್ಜೆ, ನಿಲ್ಲು, ಬೀಳು. ಹೆದರದೆ ನೆಲಕ್ಕೆ ಬೀಳುವುದನ್ನು ನಾನು ಕಲಿತದ್ದೇ ಆ ವಾರ.

ಎರಡನೇ ಮ್ಯಾಚ್‌ನಲ್ಲಿ ಇನ್ನೂ ಅರ್ಧಗಂಟೆ ಆಗಿರಲಿಲ್ಲ, ಬಲಗಡೆಯಿಂದ ಒಬ್ಬಳು ಒಳಗೆ ನುಗ್ಗಿದಳು. ಅವಳ ಕಣ್ಣು ಹತ್ತಿರದ ಕಂಬದ ಕಡೆ ಹೋದದ್ದು ನನಗೆ ಕಾಣಿಸಿತು. ಎರಡು ಹೆಜ್ಜೆ ಮುಂದೆ ಹೋಗಿ ಬಿದ್ದೆ. ಚೆಂಡು ಮೊಣಕಾಲ ಕೆಳಗೆ ಬಡಿದು ಹೊರಗೆ ಹೋಯಿತು. ಕಾರ್ನರ್. ಆ ಮ್ಯಾಚ್ 0-3 ಸೋತೆವು. ಆದರೆ ಹತ್ತಿರದ ಕಂಬದಿಂದ ಒಂದೂ ಗೋಲ್ ಹೋಗಲಿಲ್ಲ. ನಾಕೌಟ್ ಆಗಿದ್ದರೆ ಆ ತಪ್ಪನ್ನು ಇಟ್ಟುಕೊಂಡೇ ಹುಬ್ಬಳ್ಳಿಗೆ ವಾಪಸ್ ಬಂದಿರುತ್ತಿದ್ದೆ, ಅದು ತಪ್ಪು ಅಂತಲೂ ಗೊತ್ತಾಗುತ್ತಿರಲಿಲ್ಲ. ಸೀಸನ್ ಮುಗಿದಾಗ ಏಳು ಮ್ಯಾಚ್, ಎರಡು ಗೆಲುವು, ಒಂದು ಡ್ರಾ, ನಾಲ್ಕು ಸೋಲು. ಏಳು ಪಾಯಿಂಟ್.

ತಂಡ ಗೆಲ್ಲುವುದಿಲ್ಲ ಅನ್ನುವ ಚಿಂತೆ ಬಿಡಿ. ರಾಜ್ಯ ಲೀಗ್ ಅನ್ನುವುದು ಮೇಲಿನಿಂದ ಎಣಿಸಿದರೆ ಮೂರನೇ ಮೆಟ್ಟಿಲು. ತುದಿಯಲ್ಲಿ ಇಂಡಿಯನ್ ವುಮೆನ್ಸ್ ಲೀಗ್, ಅದರ ಕೆಳಗೆ 2023-24ರಲ್ಲಿ ಶುರುವಾದ ಎರಡನೇ ಡಿವಿಜನ್. ಮೊದಲ ವರ್ಷವೇ ಅಲ್ಲಿಂದ ಕೋಲ್ಕತ್ತದ ಶ್ರೀಭೂಮಿ, ಒಡಿಶಾದ ನೀತಾ ಅಕಾಡೆಮಿ ಮೇಲಕ್ಕೆ ಹೋದವು. ನಮ್ಮ ರಾಜ್ಯ ಲೀಗ್‌ನಲ್ಲಿ ಆಡಿ ಬೆಳೆದ ಕಿಕ್‌ಸ್ಟಾರ್ಟ್ ಎಫ್‌ಸಿ 2022-23ರಲ್ಲಿ ಇಂಡಿಯನ್ ವುಮೆನ್ಸ್ ಲೀಗ್‌ನ ಫೈನಲ್‌ವರೆಗೂ ಹೋಗಿತ್ತು. ಅಲ್ಲಿ ಗೋಕುಲಂ ಕೇರಳ ಎದುರು 0-5 ಸೋತರು. ದೇಶದ ಫೈನಲ್‌ನಲ್ಲೇ ಐದು ಗೋಲ್ ಹೋಗುತ್ತವೆ ಅಂದಮೇಲೆ, ಗದಗದ ಹುಡುಗಿ ಮೊದಲ ಮ್ಯಾಚ್‌ನಲ್ಲಿ ದೊಡ್ಡ ಅಂತರದಲ್ಲಿ ಸೋತರೆ ನೀವು ಕುಗ್ಗಬೇಡಿ. ರಾಜ್ಯ ತಂಡಕ್ಕೆ ಆರಿಸುವವರು ನೋಡುವುದೂ ಇದೇ ಲೀಗನ್ನು. ರಾಜ್ಯ ತಂಡಗಳು ಆಡುವ ಕೂಟ ಅಂತ ಗಂಡಸರಿಗೆ ಸಂತೋಷ್ ಟ್ರೋಫಿ ಇದ್ದಂತೆ ಹೆಣ್ಣುಮಕ್ಕಳಿಗೆ ರಾಜಮಾತಾ ಜೀಜಾಬಾಯಿ ಟ್ರೋಫಿ ಇದೆ. ಸೋಲುವ ತಂಡದಲ್ಲಿ ಚೆನ್ನಾಗಿ ಆಡಿದವಳೂ ಅವರ ಕಣ್ಣಿಗೆ ಬೀಳುತ್ತಾಳೆ.

ಈಗ ಕಾಗದಪತ್ರ. ಇದನ್ನು ಇವತ್ತೇ ನೋಡಿ. ಆಟಗಾರ್ತಿಯ ನೋಂದಣಿ ಆನ್‌ಲೈನ್‌ನಲ್ಲಿ, ರಾಷ್ಟ್ರೀಯ ಫೆಡರೇಶನ್ನಿನ ವ್ಯವಸ್ಥೆಯಲ್ಲಿ ಆಗಬೇಕು. ನನ್ನ ಹತ್ತನೇ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನನ್ನ ಹೆಸರು, ಆಮೇಲೆ ಅಪ್ಪನ ಹೆಸರು. ಆಧಾರ್‌ನಲ್ಲಿ ಅಡ್ಡಹೆಸರೇ ಇಲ್ಲ. ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರೇ ಬರೆದಿರಲಿಲ್ಲ, "ಹೆಣ್ಣು" ಅಂತಷ್ಟೇ ಇತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಪ್ಪ ಹದಿನೆಂಟು ದಿನ ಓಡಾಡಿದರು, ನೋಂದಣಿ ಮುಗಿಯುವ ಹಿಂದಿನ ದಿನ ಸಹಿ ಬಿತ್ತು. ಮೂರು ಕಾಗದವನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಇನ್ನೊಂದು ಮಾತು: ಎರಡು ಕ್ಲಬ್ಬಿನವರು ಕರೆದರೂ ಸಹಿ ಒಂದಕ್ಕೇ ಹಾಕಿಸಿ.

ದುಡ್ಡು ಕೊಡುವುದಿಲ್ಲ ಸರಿ, ಆದರೆ ರೈಲು ಚಾರ್ಜ್, ಉಳಿಯುವ ಜಾಗ, ಊಟ, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದ್ದು ಅಂತ ಬಾಯಿಮಾತಲ್ಲಿ ಬೇಡ, ಬರೆಸಿಕೊಳ್ಳಿ. ಹುಡುಗಿಯರು ಉಳಿಯುವ ಮನೆಯನ್ನು ನೀವೇ ಒಮ್ಮೆ ಹೋಗಿ ನೋಡಿ ಬನ್ನಿ. ಕಾಲೇಜಿನಲ್ಲಿ ಹಾಜರಾತಿ ಬಗ್ಗೆ ಪ್ರಿನ್ಸಿಪಾಲರಿಗೆ ಮೊದಲೇ ಅರ್ಜಿ ಕೊಡಿ, ಸೀಸನ್ ಮುಗಿದ ಮೇಲಲ್ಲ.

ಪೆಟ್ಟಿನ ವಿಷಯ ಮುಚ್ಚಿಡುವುದಿಲ್ಲ. ನಾಲ್ಕನೇ ಮ್ಯಾಚ್‌ನಲ್ಲಿ ನಮ್ಮ ಡಿಫೆಂಡರ್ ಒಬ್ಬಳು ಓಡುತ್ತಾ ತಿರುಗಿದಳು, ಕೂಗಿ ಕುಸಿದಳು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಕಟ್ಟುನಾರು ಹರಿದಿತ್ತು. ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಫಿಫಾದವರ "11+" ಅನ್ನುವ ವಾರ್ಮ್‌ಅಪ್ ಇದೆ, ಹದಿನೈದು ವ್ಯಾಯಾಮ, ಇಪ್ಪತ್ತು ನಿಮಿಷ, ಚೆಂಡು, ಗುರುತಿಗೆ ಇಡುವ ಕೋನ್ ಬಿಟ್ಟರೆ ಬೇರೇನೂ ಬೇಡ. ಗಾಯ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ಮಗಳು ಗದಗದಲ್ಲೇ ಈಗಿನಿಂದ ಶುರು ಮಾಡಲಿ.

ನನ್ನ ಸಂಕಟ ಒಂದೇ. ಇದಕ್ಕೆಲ್ಲ ನಮ್ಮ ಹುಡುಗಿಯರು ಬೆಂಗಳೂರಿಗೇ ಹೋಗಬೇಕಾ? ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಒಂದೊಂದು ತಂಡ ಕಟ್ಟಿದರೆ ನಾಲ್ಕು. ತಮ್ಮ ಊರಲ್ಲೊಮ್ಮೆ, ಎದುರಾಳಿ ಊರಲ್ಲೊಮ್ಮೆ ಆಡಿದರೆ ಪ್ರತಿ ತಂಡಕ್ಕೂ ಆರು ಮ್ಯಾಚ್. ಹುಬ್ಬಳ್ಳಿಯಿಂದ ಗದಗ ಅರವತ್ತು ಕಿಲೋಮೀಟರ್ ಆಗುವುದಿಲ್ಲ, ಧಾರವಾಡಕ್ಕೆ ಚಿಗರಿ ಬಸ್ಸಿದೆ. ಬೆಳಿಗ್ಗೆ ಹೋಗಿ ಆಡಿ ಸಂಜೆ ಮನೆಗೆ ಬಂದು ಊಟ ಮಾಡಬಹುದು. ನಾವು ಹಳೇ ಆಟಗಾರ್ತಿಯರು ಐದಾರು ಜನ ಇದರ ಬಗ್ಗೆ ಮಾತಾಡುತ್ತಿದ್ದೇವೆ. ನಿಮ್ಮ ಮಗಳು ಬೆಂಗಳೂರಿನಿಂದ ಬಂದ ಮೇಲೆ ಗದಗದ ಕಡೆಯಿಂದ ಅವಳೂ ಸೇರಿಕೊಳ್ಳಲಿ.

ಅವಳು ಯಾವ ಜಾಗದಲ್ಲಿ ಆಡುತ್ತಾಳೆ ಅಂತ ನೀವು ಬರೆದಿಲ್ಲ. ಗೋಲ್‌ಕೀಪರ್ ಆಗಿದ್ದರೆ ಇಲ್ಲೇ ಕೆಳಗೆ ತಿಳಿಸಿ. ಕೃತಕ ಹುಲ್ಲಿನ ಮೇಲೆ ಬೀಳುವ ಬಗ್ಗೆ ಇನ್ನೂ ಬೇಕಾದಷ್ಟು ಹೇಳುವುದಿದೆ.