ಮಂಜಿನ ಬೆಳಗ್ಗೆ ಮೀಟರ್ ಏರಿದರೆ ಅದು ಬರೀ ನೀರೇ?

ಡಿಸೆಂಬರ್ ಬಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಈ ಸಲ ಕೇಳಿದವರು ದೆಹಲಿಯ ದ್ವಾರಕಾದಲ್ಲಿರುವ ಕನ್ನಡದ ಓದುಗರೊಬ್ಬರು.

ಪ್ರಶ್ನೆ: ಬಾಲ್ಕನಿಯಲ್ಲಿ ಸಣ್ಣ ಏರ್ ಮೀಟರ್ ಇಟ್ಟಿದ್ದೇವೆ. ಮಂಜು ಕವಿದ ಬೆಳಗ್ಗೆ ಪಿಎಂ 2.5 (ಗಾಳಿಯಲ್ಲಿನ ಅತಿಸಣ್ಣ ಕಣ) ಅಂಕಿ 400 ದಾಟುತ್ತದೆ, ಮಧ್ಯಾಹ್ನ 150ಕ್ಕೆ ಇಳಿಯುತ್ತದೆ. ಹತ್ತಿರದ ಸರ್ಕಾರಿ ಗಾಳಿ ಮಾಪನ ಕೇಂದ್ರದಲ್ಲಿ ಇಷ್ಟು ಏರುವುದಿಲ್ಲ. ‘ಅದು ಬರೀ ನೀರು, ಹೆದರಬೇಡಿ’ ಎಂದರು ಅಂಗಡಿಯವರು. ಅಪ್ಪನಿಗೆ 68 ವರ್ಷ, ಐದೂವರೆಗೇ ವಾಕಿಂಗ್ ಹೊರಡುತ್ತಾರೆ. ಹೋಗಬಹುದೇ?

ಉತ್ತರ: ಬೇಡ. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಉಳಿದದ್ದು ಓದಿ.

ಅಂಗಡಿಯವರ ಮಾತು ಅರ್ಧ ನಿಜ. ಅಪಾಯ ಇರುವುದೂ ಅಲ್ಲೇ. ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರು ಬಿಟ್ಟುಕೊಳ್ಳುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವ ಶೇ 75 ದಾಟಿದರೆ ಆ ಉಪ್ಪಿನ ಹರಳು ಕರಗಿ ಹನಿಯಾಗುತ್ತದೆ. ನಗರದ ಗಾಳಿಯಲ್ಲಿ ತೇಲುವ ಕಣಗಳಲ್ಲೂ ದೊಡ್ಡ ಪಾಲು ಉಪ್ಪುಗಳದ್ದು: ಕಲ್ಲಿದ್ದಲಿನ ಗಂಧಕದಿಂದ ಸಲ್ಫೇಟ್, ವಾಹನದ ಹೊಗೆಯಿಂದ ನೈಟ್ರೇಟ್. ದೆಹಲಿಯ ಚಳಿಗಾಲದಲ್ಲಿ ಕ್ಲೋರೈಡ್ ಕೂಡ ಜೋರು. ಅದು ನೀರು ಹೀರಿಯೇ ಅಲ್ಲಿನ ಮಬ್ಬು ಇಷ್ಟು ದಟ್ಟವಾಗುತ್ತದೆಂದು ಮದ್ರಾಸ್ ಐಐಟಿ ನೇತೃತ್ವದ ತಂಡ 2021ರಲ್ಲಿ ತೋರಿಸಿಕೊಟ್ಟಿತು. ತೇವ ಶೇ 90 ಇದ್ದಾಗ ಅಮೋನಿಯಂ ಸಲ್ಫೇಟ್ ಕಣದ ಅಡ್ಡಳತೆ ಸುಮಾರು 1.7 ಪಟ್ಟು, ಗಾತ್ರ ಹೆಚ್ಚುಕಡಿಮೆ ಐದು ಪಟ್ಟು ಆಗುತ್ತದೆ. ಅಂದರೆ ಐದು ಪಾಲಿನಲ್ಲಿ ನಾಲ್ಕು ನೀರು. ಮಣ್ಣಿನ ಧೂಳು, ಆಗತಾನೇ ಹೊರಬಿದ್ದ ಡೀಸೆಲ್ ಮಸಿ ಇಷ್ಟು ಹೀರುವುದಿಲ್ಲ.

ನಿಮ್ಮ ಮೀಟರ್ ಕಣವನ್ನು ತೂಗುವುದಿಲ್ಲ, ಅದು ಬೆಳಕನ್ನು ಎಷ್ಟು ಚದುರಿಸಿತೆಂದು ನೋಡಿ ಅಂದಾಜು ಹೇಳುತ್ತದೆ. ನೀರು ಕುಡಿದು ಊದಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಅಂಕಿ ಏರುತ್ತದೆ. ಕೇಂದ್ರದ ಯಂತ್ರ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಇಳಿಸಿಯೇ ಅಳೆಯುತ್ತದೆ. ನಾವು ಲ್ಯಾಬಿನಲ್ಲಿ ಗಾಳಿಯ ಕಣ ಹಿಡಿದ ಫಿಲ್ಟರನ್ನು ಒಂದಿಡೀ ದಿನ ಒಣ ಕೋಣೆಯಲ್ಲಿಟ್ಟು ಆಮೇಲೆ ತೂಗುತ್ತೇವೆ. ಚಿಮುಟದಲ್ಲೇ ಎತ್ತಬೇಕು, ಬೆರಳು ತಾಗಿದರೆ ತೂಕ ಕೆಟ್ಟಿತು. ಹಾಲಿನಷ್ಟು ಬೆಳ್ಳಗೆ ಹೋದ ಫಿಲ್ಟರ್ ಚಳಿಗಾಲದ ಒಂದು ದಿನ ಕಳೆದು ಬಂದಾಗ ಬಾಣಲೆಯ ತಳದ ಹಾಗಿರುತ್ತದೆ. ನೀರೆಲ್ಲ ಆರಿದ ಮೇಲೆ ಉಳಿದ ಬಣ್ಣ ಅದು.

ಇನ್ನರ್ಧವನ್ನು ಅಂಗಡಿಯವರು ಹೇಳಲಿಲ್ಲ. ಬೆಳಗಿನ ಜಾವ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಹೊಗೆ ಮೇಲೇರುವುದಿಲ್ಲ. ಹಾಗಾಗಿ ನೀರು ಕಳೆದು ಲೆಕ್ಕ ಹಾಕಿದರೂ ಆಗ ಕಣ ಹೆಚ್ಚೇ. ಒದ್ದೆ ಕಣದೊಳಗೆ ಗಂಧಕದ ಅನಿಲ ಕರಗಿ ಹೊಸ ಸಲ್ಫೇಟ್ ಹುಟ್ಟುತ್ತದೆ. ಬಿಸಿಲಿಗೆ ನೀರು ಆರಿದರೂ ಸಲ್ಫೇಟ್ ಉಳಿಯುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಾವಿರಾರು ಜನ ಸತ್ತದ್ದು ಹೊಗೆ ಬೆರೆತ ಇಂಥ ಮಂಜಿನಲ್ಲೇ. ‘ಬರೀ ನೀರು’ ಎಂದು ಮಾರಾಟಗಾರರು ಧೈರ್ಯ ಹೇಳಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಅಪ್ಪ ಮಧ್ಯಾಹ್ನ ನಡೆಯಲಿ, ಅದೂ ಕೇಂದ್ರದ ಅಂಕಿ ನೋಡಿಕೊಂಡು. ಪಿಎಂ 2.5ಕ್ಕೆ ದೇಶದ ಮಿತಿ ಘನ ಮೀಟರ್ ಗಾಳಿಗೆ ದಿನದ ಸರಾಸರಿ 60 ಮೈಕ್ರೊಗ್ರಾಂ. ನಿಮ್ಮ ಮಧ್ಯಾಹ್ನದ 150 ಕೂಡ ನನಗೆ ಸಮಾಧಾನ ಕೊಡುವುದಿಲ್ಲ. ಅಂಥ ದಿನ ಮನೆಯೊಳಗೇ ನಡೆಯಲಿ. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಹಾಕಲಿ.

ಉಪ್ಪಿನ ದೀಪ (ಕಲ್ಲುಪ್ಪಿನ ಗಡ್ಡೆಯೊಳಗೆ ಬಲ್ಬ್ ಇಟ್ಟದ್ದು) ತೇವದ ಜೊತೆ ಕಣವನ್ನೂ ಹೀರುತ್ತದೆಯೇ?
ಇಲ್ಲ. ಮೇಜು ಒದ್ದೆಯಾಗುತ್ತದೆ, ಅಷ್ಟೇ.

ಬೆಲ್ಲ ತಿಂದರೆ ಶ್ವಾಸಕೋಶ ತೊಳೆದ ಹಾಗಾಗುತ್ತದಂತೆ?
ಬೆಲ್ಲ ಹೋಗುವುದು ಹೊಟ್ಟೆಗೆ. ‘ಡಿಟಾಕ್ಸ್’ ಕಷಾಯ ಮಾರುವವರ ಮಾತು ಕೇಳಿ ಇನ್‌ಹೇಲರ್ ಮಾತ್ರ ಬಿಡಬೇಡಿ.

ಹ್ಯುಮಿಡಿಫೈಯರ್ (ಕೋಣೆಗೆ ತೇವ ಬಿಡುವ ಯಂತ್ರ) ಹಾಕಿದ ಕೂಡಲೇ ಗಾಳಿ ಸೋಸುವ ಪ್ಯೂರಿಫೈಯರ್ ಕೆಂಪು ದೀಪ ತೋರಿಸುತ್ತದೆ. ಯಾಕೆ?
ನೀರನ್ನು ಕಂಪನದಿಂದ ಹನಿ ಮಾಡಿ ಹಾರಿಸುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಬೋರ್‌ವೆಲ್ ನೀರು ಹಾಕಿದರೆ ನೀರಿನ ಲವಣ ಹನಿಯ ಜೊತೆ ಹಾರಿ, ಹನಿ ಆರಿದ ಮೇಲೆ ಗಾಳಿಯಲ್ಲೇ ಉಳಿಯುತ್ತದೆ. ಅವು ನಿಜವಾದ ಕಣಗಳು. ಡಿಸ್ಟಿಲ್ಡ್ ನೀರು ಹಾಕಿ, ಇಲ್ಲವಾದರೆ ಆಫ್ ಮಾಡಿ.