ಸುಮ್ನೆ ಇಟ್ಟುಕೊಂಡ ಬೀಗದಕೈ

ಕೊಡಗಿನ ಮಕ್ಕಂದೂರು ಕಡೆಯಿಂದ ಬಂದ ಪತ್ರ ಇದು. ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. 2018ರ ಆಗಸ್ಟ್ ಮಳೆಗೆ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದು ಪತ್ರ ಬರೆದವರ ಮನೆ, ಒಂದೆಕರೆ ಕಾಫಿ ತೋಟ ಎರಡೂ ಹೋದವು. ಜೀವ ಉಳಿಯಿತು. ಆದರೆ ಅಪ್ಪ ಬೇಡ ಎಂದರೂ ಜೆಸಿಬಿ ತರಿಸಿ ಬರೆ ಕಡಿಸಿ ಅಲ್ಲಿ ಮನೆ ಕಟ್ಟಿಸಿದ್ದು ಇವರೇ. ಕಾಲೇಜಿನಲ್ಲಿ ನಾಟಕ ಪಾಠ ಮಾಡುವ ಸೋದರಮಾವ ಹುತ್ತರಿ ಹಬ್ಬಕ್ಕೆ ಬಂದರೂ, ಮದುವೆ ಮನೆಯಲ್ಲಿ ಸಿಕ್ಕರೂ ಒಂದೇ ಮಾತು: "ದುರಂತ ನಾಟಕ ಅಂದ್ರೆ ಇದೇ ಕಣೋ, ನಾಯಕನ ಒಂದು ತಪ್ಪು, ಮನೆಯೇ ನಾಶ." ಅದು ನಿಜವಾ ಎಂದು ಇವರು ಕೇಳಿದ್ದಾರೆ.

ನಿಮ್ಮ ಮಾವನ ಮೇಲೆ ನನಗೆ ತುಂಬಾ ಕೋಪ ಬಂತು. ಪಾಠ ಮಾಡುವವರು ಅರ್ಧ ಹೇಳಿ ನಿಲ್ಲಿಸಬಾರದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ದುರಂತ ನಾಟಕದ ನಾಯಕನ ತಪ್ಪಿನ ಮಾತು ಆಡಿದ್ದು ಹೌದು. ಆದರೆ ಆ ನಾಯಕ ಕೆಟ್ಟತನದಿಂದ ಬಿದ್ದವನಲ್ಲ, ಎಡವಿದವನು ಎಂದ. ಬರಬಾರದ ಕಷ್ಟ ಬಂದವನನ್ನು ಕಂಡಾಗಲೇ ಕರುಣೆ ಹುಟ್ಟುತ್ತದೆ ಎಂದೂ ಹೇಳಿದ. ಮಾವ ಆ ಕರುಣೆಯನ್ನೇ ಬಿಟ್ಟುಬಿಟ್ಟರು.

ನಾನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ, ದುರಂತ ನಾಟಕ ಇರುವುದೇ ಅಳಲು ಜಾಗ ಕೊಡುವುದಕ್ಕೆ. ರನ್ನನ ಕಾವ್ಯವನ್ನು ಬಿ.ಎಂ.ಶ್ರೀ. 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು. ಅದರಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾ ದುಶ್ಶಾಸನನಿಗಾಗಿ, ಕರ್ಣನಿಗಾಗಿ ಗೋಳಾಡುತ್ತಾನೆ. ಅವನ ತಪ್ಪು ಬೇಕಾದಷ್ಟಿದೆ, ಎಲ್ಲರಿಗೂ ಗೊತ್ತು. ಆದರೂ ಕೂತು ಕೇಳುತ್ತೇವೆ, ಅಲ್ವಾ? ನಿಮಗೆ ಆ ಹೊತ್ತು ಸಿಗಲಿಲ್ಲ. ಪರಿಹಾರದ ಅರ್ಜಿ, ಬಾಡಿಗೆ ಮನೆ, ಮಕ್ಕಳ ಫೀಸು ಎಂದು ಓಡಾಡುವುದರಲ್ಲೇ ವರ್ಷಗಳು ಹೋದವು.

ಬರೆ ಕಡಿದರೆ ಗುಡ್ಡ ಸಡಿಲವಾಗುತ್ತದೆ, ಅದನ್ನು ಇಲ್ಲ ಎನ್ನಲಾರೆ. ಆದರೆ ಏನೂ ಕಡಿಯದ ಪಕ್ಕದ ತೋಟವೂ ಅವತ್ತೇ ಜಾರಿತು ಎಂದು ನೀವೇ ಬರೆದಿದ್ದೀರಿ. ನಾಟಕದಲ್ಲಾದರೆ ಕವಿ ಎಲ್ಲವನ್ನೂ ಒಂದು ತಪ್ಪಿಗೆ ಗಂಟು ಹಾಕುತ್ತಾನೆ. ಮಳೆ ಹಾಗೆ ಲೆಕ್ಕ ಇಟ್ಟು ಸುರಿಯುವುದಿಲ್ಲ.

ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ: "ಅಮ್ಮ ಹಳೇ ಮನೆಯ ಬೀಗದಕೈ ಇನ್ನೂ ಚೀಲದಲ್ಲಿ ಇಟ್ಕೊಂಡಿದ್ದಾರೆ, ಸುಮ್ನೆ." ಸುಮ್ನೆ ಹೇಗಾಗುತ್ತದೆ? ಬಾಗಿಲೇ ಇಲ್ಲದ ಬೀಗದಕೈಯನ್ನು ಇಷ್ಟು ವರ್ಷ ಯಾರು ಸುಮ್ನೆ ಹೊತ್ತು ತಿರುಗುತ್ತಾರೆ? ತಪ್ಪು ಯಾರದು ಎಂಬ ಮಾತಿನಲ್ಲಿ ನಿಮ್ಮ ಮನೆಯವರು ಆಕೆಯನ್ನು ಒಂದು ಸಲವೂ ಅಳಲು ಬಿಟ್ಟಿಲ್ಲ, ನೀವೂ ಅತ್ತಿಲ್ಲ.

ಮಾಡಬೇಕಾದ್ದು ಒಂದೇ. ಈ ಭಾನುವಾರ ಅಮ್ಮನ ಪಕ್ಕ ಕೂತು, ಆ ಬೀಗದಕೈ ಕೈಯಲ್ಲಿ ಹಿಡಿದು, ಯಾವ ಬಾಗಿಲಿನದು ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ನಿಮ್ಮ ತಪ್ಪಿನ ಮಾತು ಎತ್ತಬೇಡಿ.