ಬಣ್ಣ ಒರೆಸುವ ಮೊದಲೇ ಆಡಿದ ಮಾತು

ಶಿವಮೊಗ್ಗದಿಂದ ಬಂದ ಪತ್ರವೊಂದನ್ನು ಈ ವಾರ ಮೂರು ಸಲ ಓದಿದೆ. ಬರೆದವರು ನಿವೃತ್ತ ಬ್ಯಾಂಕ್ ಅಧಿಕಾರಿ, ಹವ್ಯಾಸಿ ನಾಟಕ ತಂಡವೊಂದರ ನಿರ್ದೇಶಕರು. ಮೊದಲ ಪ್ರಯೋಗ ಮುಗಿದ ರಾತ್ರಿ 18ರ ನಟಿಯೊಬ್ಬಳು ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ ಬಂದು, "ಸರ್, ಹೇಗಿತ್ತು?" ಎಂದು ಕೇಳಿದಳಂತೆ. "ಮೂರನೆಯ ಸಾಲಿನ ಆಚೆ ನಿನ್ನ ಮಾತು ಯಾರಿಗೂ ಕೇಳಲಿಲ್ಲ" ಎಂದು ಇವರು ಅವಳ ತಂದೆ-ತಾಯಿಯ ಎದುರಿನಲ್ಲೇ ಹೇಳಿದರು. ಆಮೇಲೆ ಅವಳು ತಾಲೀಮಿಗೆ ಬಂದಿಲ್ಲ. ಎರಡನೆಯ ಪ್ರಯೋಗಕ್ಕೆ ಇನ್ನು 12 ದಿನ. ನಿಜ ಹೇಳಿದ್ದು ತಪ್ಪೇ ಎಂಬುದು ಇವರ ಪ್ರಶ್ನೆ.

ಸರ್, ನಿಮ್ಮ ಪತ್ರದ ಕೊನೆಯಲ್ಲಿ, ಆವರಣದೊಳಗೆ, ಒಂದು ವಾಕ್ಯವಿದೆ: ಈ ದೋಷ ತಾಲೀಮಿನ ಎರಡನೆಯ ವಾರದಲ್ಲೇ ನಿಮ್ಮ ಗಮನಕ್ಕೆ ಬಂದಿತ್ತು. ತಾಲೀಮು ನಡೆದದ್ದು ಆರು ವಾರ. ತಿದ್ದಿಕೊಳ್ಳಲು ಸಂಜೆಗಳಿದ್ದಾಗ ಬಾಯಿ ಬಿಡದೆ, ಒಂದು ಗಳಿಗೆಯೂ ಉಳಿಯದ ಮೇಲೆ ನೀವು ಹೇಳಿದ ನಿಜದಿಂದ ಆ ಹುಡುಗಿಗೆ ದಕ್ಕಿದ್ದು ಅವಮಾನ ಮಾತ್ರ.

"ಮಕ್ಕಳ ಉತ್ಸಾಹ ಕುಗ್ಗಿಸಬೇಡಿ" ಎಂದು ನಿಮ್ಮನ್ನು ತಡೆದು, ಪ್ರತಿ ಸಂಜೆ ಎಲ್ಲರಿಗೂ ಒಂದೇ "ಸೂಪರ್" ಹಂಚಿದ ನಿಮ್ಮ ತಂಡದ ಕಾರ್ಯದರ್ಶಿಯವರ ಮೇಲೆ ನನಗೆ ನಿಮಗಿಂತ ಹೆಚ್ಚು ಸಿಟ್ಟಿದೆ. ಪೊಳ್ಳು ಹೊಗಳಿಕೆ ಸೋಮಾರಿತನದ ಇನ್ನೊಂದು ಹೆಸರೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ.

ಬಾಲಕನಾಗಿ ಗುಬ್ಬಿ ವೀರಣ್ಣನವರ ವೃತ್ತಿ ನಾಟಕ ಕಂಪನಿ ಸೇರಿದ ಬಿ.ವಿ. ಕಾರಂತರಂಥವರಿಗೆ ಇಂದು ತಪ್ಪಿದ್ದನ್ನು ನಾಳೆಯ ಆಟದಲ್ಲಿ ತಿದ್ದಿಕೊಳ್ಳುವ ಅವಕಾಶವಿತ್ತು. ಕಾಲೇಜು ಮುಗಿಸಿ ಓಡಿ ಬರುವ ಹವ್ಯಾಸಿ ನಟಿಗೆ ಸಿಗುವುದು ಒಂದೋ ಎರಡೋ ಪ್ರಯೋಗ. ಆದ್ದರಿಂದ ನಿರ್ದೇಶಕರ ಟೀಕೆಯೆಲ್ಲ ತಾಲೀಮಿನಲ್ಲೇ ಮುಗಿಯಬೇಕು. ಪ್ರಯೋಗದ ರಾತ್ರಿ ಅವರು "ಊಟ ಆಯಿತೇನಮ್ಮ" ಎಂದಷ್ಟೇ ಕೇಳಬೇಕು.

ಅಲ್ಲದೆ, "ಕೇಳಲಿಲ್ಲ" ಎಂದರೆ ಅವಳು ಏನನ್ನು ತಿದ್ದಿಕೊಳ್ಳಬೇಕು? ನೀವೇ ಬರೆದಿರುವಂತೆ ಅವಳ ದನಿ ಸಣ್ಣದಲ್ಲ, ಉಸಿರು ಸಾಲದೆ ವಾಕ್ಯದ ಕೊನೆಯನ್ನು ನುಂಗುತ್ತಾಳೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, "ಇಲ್ಲ" ಕುಳಿತಿರುವುದೂ ಅಲ್ಲೇ. "ನಾನು ಆ ಮನೆಗೆ ಕಾಲಿಡುವುದಿಲ್ಲ" ಎಂಬ ಮಾತಿನ ಬಾಲ ಅಡಗಿದರೆ, ಅವಳು ಹೊರಟಳೋ ಒಲ್ಲೆನೆಂದಳೋ ಹಿಂದೆ ಕುಳಿತವರಿಗೆ ತಿಳಿಯುವುದಿಲ್ಲ. ಹೀಗೆ ಬಿಡಿಸಿ ಹೇಳಿದ್ದರೆ, ಉಸಿರನ್ನು ಎಲ್ಲಿ ತೆಗೆದುಕೊಳ್ಳಲಿ ಎಂದು ಅವಳೇ ಕೇಳುತ್ತಿದ್ದಳು.

ಫೋನಿನಲ್ಲಿ ಕ್ಷಮೆಯ ಸಂದೇಶ ಕಳುಹಿಸಬೇಡಿ. ನಾಳೆಯೇ ಅವಳ ಮನೆಗೆ ಹೋಗಿ, "ಎರಡನೆಯ ವಾರವೇ ಹೇಳಬೇಕಿತ್ತಮ್ಮ, ಹೇಳದೆ ಉಳಿದದ್ದು ನನ್ನ ತಪ್ಪು" ಎಂದು ತಂದೆ-ತಾಯಿಯ ಎದುರಿನಲ್ಲೇ ಒಪ್ಪಿಕೊಂಡು, ಆ ಒಂದು ಮಾತಿನ ಅಭ್ಯಾಸಕ್ಕೆ ಕರೆಯಿರಿ. ಖಾಲಿ ಸಭಾಂಗಣದ ಕೊನೆಯ ಸಾಲಿನಲ್ಲಿ ನೀವು ಕುಳಿತು, "ಇಲ್ಲ" ಕೇಳಿಸಿದಾಗಲೆಲ್ಲ ಕೈ ಎತ್ತಿ. ಕಾರ್ಯದರ್ಶಿಯವರನ್ನು ಆ ಸಂಜೆ ಒಳಗೆ ಬಿಡಬೇಡಿ.